ಕೊನೇ ಕುರ್ಚಿಗೆ ನೂಕಾಟ

"ಟೀಚರ್, ಕೊನೇ ಕುರ್ಚಿ ನಂದು! ನಾನೇ ಮೊದಲು ನೋಡಿದ್ದು!"

ಭಾನುವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ಚರ್ಚಿನ ಸಂಡೇ ಸ್ಕೂಲಿನಲ್ಲಿ ಬೈಬಲಿನ ಲೂಕ ಪುಸ್ತಕದ 14ನೇ ಅಧ್ಯಾಯ ನಡೀತಿದೆ. ಫರಿಸಾಯನೊಬ್ಬನ, ಅಂದರೆ ಕಟ್ಟುನಿಟ್ಟಿನ ಯೆಹೂದಿ ಪಂಗಡದವನೊಬ್ಬನ ಮನೆಯಲ್ಲಿ ಊಟಕ್ಕೆ ಬಂದವರು ಒಳ್ಳೊಳ್ಳೆ ಜಾಗ ಹುಡುಕುತ್ತಿದ್ದರು. ಅದನ್ನು ನೋಡಿ ಯೇಸು, ಮದುವೆಗೆ ಕರೆದರೆ ಕಡೇ ಜಾಗದಲ್ಲಿ ಕೂತುಕೋ, ಕರೆದವನೇ ಬಂದು ಮೇಲಕ್ಕೆ ಕರೆಯುತ್ತಾನೆ ಅನ್ನುತ್ತಾನೆ. ಸುಮ್ನೆ ಓದಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಮೂರು ರಾತ್ರಿ ಕೂತು ಸ್ಕ್ರ್ಯಾಚ್‌ನಲ್ಲಿ, ಅಂದರೆ ಬಣ್ಣದ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರಿನಲ್ಲಿ, ಪುಟ್ಟ ಗೇಮ್ ಮಾಡಿದೆ. ಮದುವೆ ಹಾಲ್, ಹನ್ನೆರಡು ಕುರ್ಚಿ, ಬಾಳೆ ಎಲೆ, ಪಂಚೆ ಉಟ್ಟ ಯಜಮಾನ. ಮುಂದೆ ಕೂತರೆ ಆತ ಎಬ್ಬಿಸುತ್ತಾನೆ. ಕೊನೆಗೆ ಕೂತರೆ ಕೈಹಿಡಿದು ಮುಂದೆ ಕರೆದೊಯ್ಯುತ್ತಾನೆ, 10 ಪಾಯಿಂಟ್ ಸಿಗುತ್ತದೆ.

ಐದೇ ನಿಮಿಷದಲ್ಲಿ ಮಕ್ಕಳಿಗೆ ಗುಟ್ಟು ಗೊತ್ತಾಯಿತು. ಎರಡು ಬೊಂಬೆಗಳು ಕೊನೇ ಕುರ್ಚಿಗೆ ಓಡುತ್ತಿವೆ. ಈಚೆ ಕೀಬೋರ್ಡಿನ ಮುಂದೆ ಇಬ್ಬರು ಹುಡುಗರು ಮೊಣಕೈಯಲ್ಲಿ ತಿವಿದಾಡುತ್ತಿದ್ದಾರೆ. ದೀನತೆ ಕಲಿಸೋಕೆ ಮಾಡಿದ ಗೇಮ್ ಅದು!

ಮಕ್ಕಳದ್ದು ಏನೂ ತಪ್ಪಿಲ್ಲ. ಸ್ಕೋರಿಗೆ 10 ಸೇರಿಸು ಅನ್ನೋ ಕಿತ್ತಳೆ ಬ್ಲಾಕ್ ಜೋಡಿಸಿದವಳು ನಾನು. 1985ರಲ್ಲೇ ಅಲ್ಟಿಮಾ 4 ಅನ್ನೋ ಗೇಮ್ ಎಂಟು ಸದ್ಗುಣಗಳ ಮೇಲೆ ಬಂದಿತ್ತು, ಅದರಲ್ಲಿ ದೀನತೆಯೂ ಒಂದು. ಅಲ್ಲಿ ಗುಣದ ಲೆಕ್ಕ ಒಳಗೇ ನಡೆಯುತ್ತದೆ, ಆಡುವವರಿಗೆ ಅಂಕಿ ಕಾಣಿಸೋದಿಲ್ಲ. ನಾನೂ ಸ್ಕೋರ್ ಮರೆಮಾಡೋಣ ಅಂದುಕೊಂಡೆ. "ಪಾಯಿಂಟ್ ಕಾಣದಿದ್ದರೆ ಆಡ್ತಾರೇನಮ್ಮಾ?" ಅಂದರು ನಮ್ಮ ಚರ್ಚಿನ ಪಾದ್ರಿ ಅಯ್ಯನವರು. ಒಳ್ಳೆಯವರು, ಆದರೆ ಅವರಿಗೆ ಹಾಜರಿ ಪುಸ್ತಕದ ಚಿಂತೆ ಜಾಸ್ತಿ.

ನನ್ನ ಚಿಂತೆಯೇ ಬೇರೆ. ಅಂಕಿ ಮರೆಯಾದರೂ ಯಜಮಾನ ಬಂದು ಕರೆದೇ ಕರೆಯುತ್ತಾನಲ್ಲ. ದೊಡ್ಡವರಲ್ಲೂ ಇದೇ ನೂಕಾಟ ನೋಡಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತು, ಯಾರಾದರೂ ಮುಂದೆ ಕರೆಯುವವರೆಗೂ ಕಣ್ಣು ವೇದಿಕೆಯ ಮೇಲೇ ಇಟ್ಟವರನ್ನು. ನಾನೂ ಹಾಗೆ ಕೂತಿದ್ದೇನೆ. ಚರ್ಚಿನಲ್ಲಿ ಎಲ್ಲರೂ ಕೂಡಿ ಉಣ್ಣುವ ಪ್ರೀತಿಭೋಜನ ಮುಗಿದ ಮೇಲೆ ಹಿತ್ತಲಲ್ಲಿ ಹಂಡೆ ತಿಕ್ಕುವ ಅಕ್ಕನನ್ನು ಮಾತ್ರ ಇಷ್ಟು ವರ್ಷದಲ್ಲಿ ಯಾರೂ ವೇದಿಕೆಗೆ ಕರೆದಿಲ್ಲ. ಆಕೆ ಹಂಡೆ ತಿಕ್ಕೋದು ಬಿಟ್ಟಿಲ್ಲ.

ಅದೇ ಅಧ್ಯಾಯವನ್ನು ಮುಂದೆ ಓದಿದೆ. 13ನೇ ವಚನದಲ್ಲಿ ಬಡವರನ್ನು, ಕುಂಟರನ್ನು, ಕುರುಡರನ್ನು ಊಟಕ್ಕೆ ಕರೆ ಅಂತಿದೆ. ಅವರು ತಿರುಗಿ ಏನೂ ಕೊಡಲಾರರು, ಅದಕ್ಕೇ ಕರೆಯಬೇಕು. ಇಷ್ಟು ವರ್ಷ ಎರಡನ್ನೂ ಬೇರೆ ಬೇರೆ ಪಾಠ ಅಂತಲೇ ಕಲಿಸಿದ್ದೆ.

ಯಜಮಾನನನ್ನು ತೆಗೆದೆ. ಬಾಗಿಲಲ್ಲಿ ಕೋಲು ಹಿಡಿದ ಅಜ್ಜಿಯನ್ನು ನಿಲ್ಲಿಸಿದೆ. ಕುರ್ಚಿಗಳೆಲ್ಲ ಭರ್ತಿ. ನೀವು ಎದ್ದರೆ ಅಜ್ಜಿ ಕೂರುತ್ತಾಳೆ. ಪಾಯಿಂಟ್ ಇಲ್ಲ, ಚಪ್ಪಾಳೆ ಇಲ್ಲ.

ನಿನ್ನೆ ಸಂಜೆ, ಕೊನೇ ಕುರ್ಚಿ ನಂದು ಅಂದಿದ್ದ ಹುಡುಗನೇ ಮನೆಗೆ ಬಂದಿದ್ದ. ಆಡಿಸಿದೆ. ಹಾಲ್ ತುಂಬ ಓಡಾಡಿದ. ಆಮೇಲೆ ಕುರ್ಚಿ ಬಿಟ್ಟುಕೊಟ್ಟ. ಅವನ ಬೊಂಬೆ ಗೋಡೆಗೆ ಒರಗಿ ನಿಂತಿತು.

"ಅಷ್ಟೇನಾ ಟೀಚರ್?"

"ಅಷ್ಟೇ ಕಣೋ."

ತುಂಬ ಹೊತ್ತು ಪರದೆ ನೋಡಿದ. ಆಮೇಲೆ ಕೇಳಿದ, "ಅಜ್ಜಿಗೆ ಎಲೆ ಹಾಕಿಲ್ವಲ್ಲ, ಊಟ ಬಡಿಸಲ್ವಾ?"

ಅದು ನನಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಎಲೆ ಬರೆಯುತ್ತಾ ಕೂತಿದ್ದೇನೆ. ಅನ್ನ, ಸಾರು, ತುದಿಯಲ್ಲಿ ಉಪ್ಪು.