ಸೈಕಲ್ಲಿಗೆ ಹಸಿರು ಕೊಟ್ಟರೆ ಬಸ್ಸಿಗೆ ಎಷ್ಟು ಸೆಕೆಂಡು ನಷ್ಟ?

ಬ್ರಿಟನ್ನಿನಲ್ಲಿ ಸಿಗ್ನಲ್ ವಿನ್ಯಾಸದ ಕೆಲಸ ಮಾಡುವವರಿಗೆ ಈ ಜಗಳ ಹೊಸದಲ್ಲ. ಸೈಕಲ್ ಸವಾರರಿಗೆ ಬೇರೆ ಹಸಿರು ಬೇಕೇ ಬೇಕು ಎಂದು ಒಂದು ತಂಡ. ಬಸ್ಸು ತಡವಾದರೆ ಜನ ಮತ್ತೆ ಕಾರು ಹತ್ತುತ್ತಾರೆ ಎಂದು ಇನ್ನೊಂದು ತಂಡ. ಇಬ್ಬರ ಮಾತೂ ಸರಿಯೇ. ಆದರೆ ವಾದಕ್ಕೆ ಕೂರುವ ಮೊದಲು ಸೆಕೆಂಡುಗಳ ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟದ್ದಲ್ಲ. ತನ್ನದೇ ಲೇನಿನಲ್ಲಿ, ಮುಂದೆ ಸಾಲಿಲ್ಲದೆ ಬರುವ ಬಸ್ಸು ಸರಾಸರಿ ಎಷ್ಟು ಕಾಯುತ್ತದೆ ಎಂದು ತಿಳಿಯಲು ಕೆಂಪಿನ ಅವಧಿಯ ವರ್ಗವನ್ನು ಸಿಗ್ನಲ್ ಸುತ್ತಿನ (ಒಂದು ಹಸಿರು ಶುರುವಾದಾಗಿನಿಂದ ಮುಂದಿನ ಹಸಿರಿನವರೆಗಿನ ಹೊತ್ತು) ಎರಡರಷ್ಟರಿಂದ ಭಾಗಿಸಿ. 90 ಸೆಕೆಂಡಿನ ಸುತ್ತಿನಲ್ಲಿ 35 ಹಸಿರು, 55 ಕೆಂಪು ಎಂದುಕೊಳ್ಳಿ: ಸುಮಾರು 17 ಸೆಕೆಂಡು. ಈಗ ಸೈಕಲ್ಲಿಗೆಂದೇ ಒಂದು ಹಂತ ಸೇರಿಸೋಣ. 7 ಸೆಕೆಂಡು ಹಸಿರು, ಜಂಕ್ಷನ್ ಖಾಲಿಯಾಗಲು 7, ಒಟ್ಟು 14. ಸುತ್ತನ್ನೇ 104ಕ್ಕೆ ಎಳೆದರೆ ಕೆಂಪು 69 ಆಗುತ್ತದೆ, ಸರಾಸರಿ 23ಕ್ಕೆ ಏರುತ್ತದೆ. ಬದಲಿಗೆ 90ರೊಳಗೇ ಎರಡೂ ರಸ್ತೆಗಳ ಹಸಿರಿನಿಂದ ತಲಾ 7 ತೆಗೆದರೆ 21ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಸಿರು ಪೂರ್ತಿ ತುಂಬಿ ಹರಿಯದ ಜಂಕ್ಷನ್‌ಗಳಲ್ಲಿ ಈ ಎರಡನೆಯ ದಾರಿಯೇ ಒಳ್ಳೆಯದು. ಸುತ್ತು ಉದ್ದವಾದಷ್ಟೂ ಪಾದಚಾರಿಯೂ ಹೆಚ್ಚು ಕಾಯಬೇಕು, ತಾಳ್ಮೆ ಕೆಟ್ಟು ಕೆಂಪಿನಲ್ಲೇ ದಾಟುತ್ತಾನೆ.

ಅಷ್ಟಕ್ಕೂ ಹೊಸ ಹಂತ ನಿಜಕ್ಕೂ ಬೇಕೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಇಲ್ಲೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ನೇರ ಹೋಗುವ ಸೈಕಲ್ಲಿಗೆ ಅಡ್ಡಲಾಗಿ ಎಡಕ್ಕೆ ತಿರುಗುವ ಲಾರಿ, ಜೀವ ಹೋಗುವುದು ಹೆಚ್ಚಾಗಿ ಅಲ್ಲೇ. ಸ್ಟಾಪ್ ಲೈನಿನ ಮುಂದೆ ಬಣ್ಣ ಬಳಿದ ಸೈಕಲ್ ಚೌಕವಾಗಲಿ, ಸೈಕಲ್ಲಿಗೆ 4-5 ಸೆಕೆಂಡು ಮೊದಲೇ ಬಿಡುವ ಹಸಿರಾಗಲಿ, ಕೆಂಪಿನಲ್ಲಿ ಬಂದು ನಿಂತವರನ್ನು ಮಾತ್ರ ಕಾಪಾಡುತ್ತದೆ. ಹಸಿರಿನ ನಡುವೆ ಬಂದ ಸವಾರನಿಗೆ ಅದರಿಂದ ಏನೂ ಇಲ್ಲ. 2022ರ ಜನವರಿಯಿಂದ ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್ ನೇರ ಹೋಗುವ ಸೈಕಲ್ಲಿಗೆ ಆದ್ಯತೆ ಕೊಡಿ ಎನ್ನುತ್ತದೆ. ಒಳ್ಳೆಯದೇ, ಆದರೆ ಲಾರಿಯ ಕನ್ನಡಿಗೆ ಕಾಣದ್ದನ್ನು ನಿಯಮ ಕಾಣಿಸುವುದಿಲ್ಲ.

ಹಾಗಾಗಿ ನಾವು ಮೊದಲು ನೋಡುವುದು ಎಡ ತಿರುವನ್ನು ತಡೆಯುವ ವಿನ್ಯಾಸ. ನೇರ ಹೋಗುವ ಕಾರು, ಬಸ್ಸು, ಸೈಕಲ್ ಎಲ್ಲಕ್ಕೂ ಒಟ್ಟಿಗೇ ಹಸಿರು. ಎಡಕ್ಕೆ ತಿರುಗುವವರಿಗೆ ಬೇರೆ ಲೇನು, ಬೇರೆ ಬಾಣ, ಅಷ್ಟು ಹೊತ್ತು ಕೆಂಪು. ಅಡ್ಡರಸ್ತೆಯಿಂದ ಬಲಕ್ಕೆ ತಿರುಗುವವರಿಗೆ ಹಸಿರು ಬಂದಾಗ ಇವರನ್ನೂ ಬಿಡಬಹುದಾದರೆ ಹೊಸ ಹಂತವೇ ಬೇಕಿಲ್ಲ. ಬಸ್ಸಿಗೆ ನಷ್ಟ ಸೊನ್ನೆ. ಆದರೆ ಇದು ಕೆಡುವುದು ಲೇನಿನ ಉದ್ದದಲ್ಲಿ. ಗಂಟೆಗೆ 240 ವಾಹನ ಎಡಕ್ಕೆ ತಿರುಗುತ್ತವೆ ಎನ್ನಿ. 90 ಸೆಕೆಂಡಿನ ಸುತ್ತಿಗೆ 6 ವಾಹನ, ಒಂದಕ್ಕೆ ಸುಮಾರು 6 ಮೀಟರ್, ಅಲ್ಲಿಗೆ ಸರಾಸರಿಯೇ 36 ಮೀಟರ್. ನಕ್ಷೆಯಲ್ಲಿ 20 ಮೀಟರ್ ಮಾತ್ರ ಇದ್ದರೆ ನಾಲ್ಕನೆಯ ಕಾರಿನ ಹಿಂಭಾಗ ಬಸ್ಸಿನ ದಾರಿಯಲ್ಲಿರುತ್ತದೆ. ತನಗೆ ಹಸಿರಿದ್ದೂ ಬಸ್ಸು ಅದರ ಹಿಂದೆ ನಿಲ್ಲುತ್ತದೆ. ಆಗ ದೂರು ಬರುವುದು ಸೈಕಲ್ ಪಥದ ಮೇಲೆ. ಅಷ್ಟು ಜಾಗವಿಲ್ಲದಿದ್ದರೆ ಆ ಎಡ ತಿರುವನ್ನೇ ಮುಚ್ಚಿ ಹಿಂದಿನ ಜಂಕ್ಷನ್ನಿಗೆ ಕಳಿಸಬಹುದೇ ನೋಡಿ. ಬಸ್ಸೇ ಎಡಕ್ಕೆ ತಿರುಗುವ ಮಾರ್ಗವಾದರೆ ಈ ವಿನ್ಯಾಸ ಹೊಂದುವುದಿಲ್ಲ.

ಜಂಕ್ಷನ್ ಖಾಲಿಯಾಗಲು ಬಿಡುವ ತೆರವಿನ ಸಮಯದ ತಪ್ಪು ಕಣ್ಣಿಗೆ ಬೇಗ ಬೀಳುವುದಿಲ್ಲ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ 25 ಮೀಟರ್ ದಾಟಲು 6 ಸೆಕೆಂಡು ಬೇಕು, 30 ಕಿ.ಮೀ. ವೇಗದ ಕಾರಿಗೆ 3. ಕಾರಿನ ಲೆಕ್ಕದಲ್ಲೇ ಕೂರಿಸಿದರೆ ಹಸಿರಿನ ಕೊನೆಗೆ ಹೊರಟ ಸವಾರ ನಟ್ಟನಡುವೆ ಇರುವಾಗಲೇ ಅಡ್ಡರಸ್ತೆಗೆ ಹಸಿರು ಬಂದಿರುತ್ತದೆ. ಏರು ರಸ್ತೆಯಲ್ಲಿ ಇನ್ನೂ ಕೆಟ್ಟದು. ಇದಕ್ಕಾಗಿ ಎಲ್ಲರಿಗೂ 3 ಸೆಕೆಂಡು ಕೆಂಪು ಸೇರಿಸುವುದು ಬೇಡ. ಸೈಕಲ್ಲಿಗೆ ಪ್ರತ್ಯೇಕ ದೀಪವಿದ್ದರೆ ಅದನ್ನು ಮಾತ್ರ 3 ಸೆಕೆಂಡು ಮುಂಚೆ ಮುಚ್ಚಿದರೆ ಸಾಕು, ಬಸ್ಸಿನ ಹಸಿರು ಹಾಗೇ ಉಳಿಯುತ್ತದೆ.

ಇನ್ನು ಬಸ್ಸಿಗೆ ಸಮಯ ಮರಳಿಸುವ ಬಗೆ. ಲಂಡನ್ನಿನ ಬಸ್ಸುಗಳಲ್ಲಿರುವ ಐಬಸ್ ವ್ಯವಸ್ಥೆ ಬಸ್ಸು ಗೊತ್ತಾದ ಬಿಂದು ದಾಟಿದ ಕೂಡಲೇ ಸಿಗ್ನಲ್ಲಿಗೆ ಸುದ್ದಿ ಕೊಡುತ್ತದೆ. ಹಸಿರು ಕೊಂಚ ಮುಂದುವರಿಯುತ್ತದೆ, ಇಲ್ಲವೇ ಬೇಗ ಬರುತ್ತದೆ. 30 ಕಿ.ಮೀ. ವೇಗದಲ್ಲಿ 100 ಮೀಟರ್ ಹಿಂದಿನ ಬಿಂದು ಎಂದರೆ 12 ಸೆಕೆಂಡಿನ ಮುನ್ಸೂಚನೆ. ಆ ಬಿಂದುವಿಗೂ ಸ್ಟಾಪ್ ಲೈನಿಗೂ ನಡುವೆ ಬಸ್ ನಿಲ್ದಾಣವಿದ್ದರೆ ಎಲ್ಲ ವ್ಯರ್ಥ. ಗಾಲಿಕುರ್ಚಿಯೊಂದು ಹತ್ತಿದರೆ ಬಾಗಿಲು ಮುಚ್ಚುವ ಹೊತ್ತನ್ನು ಯಾರು ಊಹಿಸಬಲ್ಲರು? ಹಿಗ್ಗಿಸಿದ ಹಸಿರು ಖಾಲಿ ಹೋಗುತ್ತದೆ, ಸೈಕಲ್ಲಿನವರು ಸುಮ್ಮನೆ ಕಾಯುತ್ತಾರೆ. ನಿಲ್ದಾಣವನ್ನು ಜಂಕ್ಷನ್ ದಾಟಿದ ಮೇಲೆ ಇಡಿ, ಸೈಕಲ್ ಪಥವನ್ನು ಅದರ ಹಿಂಬದಿಯಿಂದ ಒಯ್ಯಿರಿ. ಅಲ್ಲಿ ಎರಡು ಬಸ್ಸು ಒಟ್ಟಿಗೆ ನಿಲ್ಲುವಷ್ಟು ಉದ್ದವಿರಲಿ. ಇಲ್ಲದಿದ್ದರೆ ಹಿಂದಿನ ಬಸ್ಸಿನ ಬಾಲ ಜಂಕ್ಷನ್ನಿನಲ್ಲೇ ಉಳಿಯುತ್ತದೆ. ಒಂದು ಮಾತು ಮಾತ್ರ ಬಿಡಬಾರದು: ಕಾಯುತ್ತಿರುವ ಸೈಕಲ್ಲಿನ ಹಂತವನ್ನು ಬಸ್ಸಿಗಾಗಿ ಹಾರಿಸಲು ಸಿಗ್ನಲ್ ನಡೆಸುವ ಕಂಟ್ರೋಲರ್ ಯಂತ್ರಕ್ಕೆ ಅನುಮತಿ ಕೊಡಬೇಡಿ. ಒಮ್ಮೆ ಹಸಿರು ತಪ್ಪಿಸಿಕೊಂಡ ಸವಾರ ಮರುದಿನದಿಂದ ಕೆಂಪನ್ನು ನಂಬುವುದಿಲ್ಲ.

ಜಾಗ ಧಾರಾಳವಾಗಿರುವಲ್ಲಿ ಮ್ಯಾಂಚೆಸ್ಟರಿನ ಸೈಕ್ಲಾಪ್ಸ್ ಮಾದರಿ ನನಗೆ ಎಲ್ಲಕ್ಕಿಂತ ಇಷ್ಟ. ಮೊದಲನೆಯದು 2020ರಲ್ಲಿ ಹ್ಯೂಮ್ ಪ್ರದೇಶದ ರಾಯ್ಸ್ ರೋಡ್, ಚಾರ್ಲ್‌ಟನ್ ರೋಡ್ ಕೂಡುವಲ್ಲಿ ತೆರೆಯಿತು. ಸೈಕಲ್ ಪಥ ಜಂಕ್ಷನ್ನಿನ ಹೊರಸುತ್ತಿನಲ್ಲಿ, ಪಾದಚಾರಿ ದಾಟು ಅದರ ಒಳಗೆ. ಪಾದಚಾರಿಗಳಿಗೆಂದು ಎಲ್ಲ ವಾಹನ ನಿಲ್ಲಿಸುವ ಹಂತ ಮೊದಲೇ ಇರುವ ಜಂಕ್ಷನ್ ಆದರೆ, ಸೈಕಲ್ಲಿನವರೂ ಅದೇ ಹಂತದಲ್ಲಿ ದಾಟಿಬಿಡುತ್ತಾರೆ. ಬಸ್ಸಿನಿಂದ ಹೊಸದಾಗಿ ಹೆಚ್ಚೇನೂ ಕೇಳಬೇಕಾಗಿಲ್ಲ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ ಆದ್ಯತಾ ಪಥ ಬಂತು, 2020ರಲ್ಲಿ ಸೈಕಲ್ ಪಥ. ನಮ್ಮೂರಲ್ಲಿ ಇಂಥದ್ದನ್ನು ಸಿಗ್ನಲ್ ಜಂಕ್ಷನ್ನಿಗೆ ತರುವಾಗ ಮೊದಲ ತೊಡಕು ಫ್ರೀ ಲೆಫ್ಟ್. ಎಡ ತಿರುವಿಗೆ ಕೆಂಪೇ ಇಲ್ಲದ ಕಡೆ ಅದನ್ನು ತಡೆಯುವುದೆಂತು? ಅಲ್ಲಿ ಬಣ್ಣಕ್ಕೆ ದುಡ್ಡು ಸುರಿಯುವ ಮೊದಲು ಆ ತಿರುವಿಗೆ ಬಾಣದ ಸಿಗ್ನಲ್ ಹಾಕಬೇಕು, ಜಂಕ್ಷನ್ನಿಗೆ ಮುಂಚೆಯೇ ಇರುವ ಬಸ್ ನಿಲ್ದಾಣವನ್ನು ಆಚೆಗೆ ಸರಿಸಬೇಕು.