ಲೆವೆಲ್ 1 ರಾಕೆಟ್ ಡೈರಿ: ಎತ್ತರ ಬೇಡ, ವಾಪಸ್ ಬಂದರೆ ಸಾಕು

ವಾರ 1

ಹೋದ ವರ್ಷ ಕ್ಯಾಲಿಫೋರ್ನಿಯಾದ ಲೂಸರ್ನ್ ಡ್ರೈ ಲೇಕ್‌ನಲ್ಲಿ ಒಂದು ಸಪೂರ ರಾಕೆಟ್ ಹಾರಿಸಿದ್ದೆ. ಜಿ ಮೋಟಾರ್ (ಇಂಧನ ತುಂಬಿದ ಎಂಜಿನ್; ಅಕ್ಷರ ಅದರ ಬಲದ ದರ್ಜೆ). ಹೊರಟಿದ್ದಷ್ಟೇ ಕಂಡಿದ್ದು. ಬಿಸಿಲಲ್ಲಿ ಮೂರು ಗಂಟೆ ಹುಡುಕಿ ಬರಿಗೈಲಿ ಮನೆಗೆ ಬಂದೆ.

ಈ ಸಲ ಅಮೆರಿಕದ ಹವ್ಯಾಸಿ ರಾಕೆಟ್ ಸಂಸ್ಥೆ ನಾರ್‌ನ ಲೆವೆಲ್ 1 ಸರ್ಟಿಫಿಕೇಟ್‌ಗೆ ಹಾರಿಸಬೇಕು. ಮೋಟಾರ್ ಎಚ್ ಅಥವಾ ಐ ಆಗಿರಬೇಕು. ಒಂದೊಂದು ಅಕ್ಷರ ಮೇಲೆ ಹೋದಂತೆ ಮೋಟಾರಿನ ಒಟ್ಟು ತಳ್ಳುವಿಕೆಯ ಮಿತಿ ಎರಡರಷ್ಟಾಗುತ್ತದೆ: ಎಚ್ 160ರಿಂದ 320 ನ್ಯೂಟನ್-ಸೆಕೆಂಡ್, ಐ 640ರವರೆಗೆ. ಲಿಖಿತ ಪರೀಕ್ಷೆ ಇಲ್ಲ, ಅದು ಲೆವೆಲ್ 2ಕ್ಕೆ. ಇಷ್ಟು ಎತ್ತರ ಹೋಗಲೇಬೇಕು ಅಂತಲೂ ಇಲ್ಲ! ಆದರೆ ರಾಕೆಟ್ ನಾನೇ ಕಟ್ಟಿರಬೇಕು, ಪ್ಯಾರಾಶೂಟ್ ಬಿಚ್ಚಬೇಕು, ಮುರಿಯದೆ ಕೈಗೆ ಸಿಗಬೇಕು. ಸಿಗದಿದ್ದರೆ ಫೇಲ್.

ಹಾಗಾಗಿ ಫೈಬರ್‌ಗ್ಲಾಸ್‌ನ ಸಪೂರ ಚೆಲುವೆಯನ್ನು ಕಾರ್ಟ್‌ನಿಂದ ತೆಗೆದೆ. ದಪ್ಪ ರಟ್ಟಿನ ಕೊಳವೆ, ಪ್ಲೈವುಡ್ ರೆಕ್ಕೆಯ, 4 ಇಂಚು ದಪ್ಪದ ಕಿಟ್ ತರಿಸಿದೆ. ಮೋಟಾರ್ ಕೂರುವ ಜಾಗ 38 ಮಿಮೀ. ದಪ್ಪಗಿದ್ದರೆ ಗಾಳಿ ಹಿಡಿಯುತ್ತದೆ, ಜಾಸ್ತಿ ಎತ್ತರ ಹೋಗಲ್ಲ, ಕಣ್ಣಿಗೂ ಕಾಣುತ್ತದೆ. ಬೇಕಾಗಿರುವುದೂ ಅದೇ ಅಲ್ವಾ?

ವಾರ 3

ರೆಕ್ಕೆ ಅಂಟಿಸಿದೆ. ಬುಡದ ಸಂದಿಗೆ ಎಪಾಕ್ಸಿ ಅಂಟು ಸುರಿದು, ಸ್ಪಿರಿಟ್‌ನಲ್ಲಿ ಅದ್ದಿದ ಗ್ಲೌಸಿನ ಬೆರಳಿಂದ ಒಂದೇ ಸಲಕ್ಕೆ ಎಳೆದರೆ ನುಣ್ಣಗೆ ಕೂರುತ್ತದೆ. ಎರಡನೇ ಸಲ ಮುಟ್ಟಿದರೆ ಹಲ್ಲುಜ್ಜುವ ಪೇಸ್ಟಿನ ಥರ ಮುದ್ದೆ. ನಾನು ಮುಟ್ಟಿದೆ. ಮುಚ್ಚಿಹಾಕಲು ಇನ್ನಷ್ಟು ಸುರಿದೆ. ಬಿದ್ದುಹೋಗಬಾರದು ಅನ್ನುವ ಭಯಕ್ಕೆ ಸುಮ್ನೆ ಮತ್ತೊಂದು ಕೋಟ್.

ವಾರ 5

ಆ ಭಯ ತಕ್ಕಡಿಯಲ್ಲಿ ಕಂಡಿತು: 150 ಗ್ರಾಂ ಜಾಸ್ತಿ, ಅದೂ ಪೂರ್ತಿ ಬಾಲದಲ್ಲಿ.

ಮೋಟಾರ್ ಇನ್ನೂ ಕೊಂಡಿಲ್ಲ. ಅದರ ತೂಕದಷ್ಟು ನಟ್ಟು-ಬೋಲ್ಟನ್ನು ಹಳೇ ಕಾಲ್ಚೀಲಕ್ಕೆ ತುಂಬಿ ಒಳಗೆ ತುರುಕಿದೆ. ರಾಕೆಟ್ಟನ್ನು ದಾರದಲ್ಲಿ ತೂಗಿಬಿಟ್ಟು ಸಮತೂಕದ ಜಾಗ ಗುರುತು ಮಾಡಿದೆ. ಅದು ಗಾಳಿಯ ಒತ್ತಡದ ಕೇಂದ್ರಕ್ಕಿಂತ ಕೊಳವೆಯ ಒಂದು ದಪ್ಪದಷ್ಟಾದರೂ ಮುಂದಿರಬೇಕು, ಅಂದರೆ 10 ಸೆಂ.ಮೀ. ಓಪನ್‌ರಾಕೆಟ್ ಅನ್ನುವ ಸಾಫ್ಟ್‌ವೇರ್‌ನ ಲೆಕ್ಕದಲ್ಲಿ 13 ಇತ್ತು. ಈಗ 9. ಹೀಗೇ ಬಿಟ್ಟರೆ ಹಾರುವಾಗ ತಲೆಕೆಳಗಾದರೂ ಆದೀತು.

ಮೂತಿಯೊಳಗೆ 100 ಗ್ರಾಂ ಸೀಸದ ಗುಂಡು ಹಾಕಿ ಎಪಾಕ್ಸಿಯಲ್ಲಿ ಕೂರಿಸಿದೆ (ಹೌದು, ಮತ್ತೆ ಎಪಾಕ್ಸಿ). 13ಕ್ಕೆ ಬಂತು. ಆದರೆ ಮೋಟಾರ್ ಸೇರಿ ತೂಕ 2 ಕೆಜಿ ಮುಟ್ಟಿತು. ನಾನು ಅಂದುಕೊಂಡಿದ್ದ ಎಚ್100 ಸರಾಸರಿ 100 ನ್ಯೂಟನ್ ತಳ್ಳುತ್ತದೆ. ತೂಕದ ಐದರಷ್ಟು ತಳ್ಳಬೇಕು ಅನ್ನುವ ರೂಢಿಗೆ ಸರಿಯಾಗಿ ಅಂಚಿನಲ್ಲಿ. ಗಾಳಿ ಇರುವ ದಿನ ಅಂಚು ಸಾಲದು.

ಎಚ್135ಕ್ಕೆ ಬದಲಾಯಿಸಿದೆ. ಅದು 29 ಮಿಮೀ, ಹಾಗಾಗಿ ಅಡಾಪ್ಟರ್ ಬೇಕು. ಲೆಕ್ಕದಲ್ಲಿ 1,100 ಅಡಿ ಚಿಲ್ಲರೆ. ಮೋಟಾರ್ ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ತಳ್ಳುವವರೆಗಿನ 14 ಸೆಕೆಂಡ್ ಡಿಲೇಯನ್ನು ಕೊರೆದು ಕಡಿಮೆ ಮಾಡಬೇಕು. ಇಲ್ಲದಿದ್ದರೆ ರಾಕೆಟ್ ಮೂತಿ ಕೆಳಗಾಗಿ ಧಾವಿಸುವಾಗ ಪ್ಯಾರಾಶೂಟ್ ಬಿಚ್ಚಿ, ಹಗ್ಗ ರಟ್ಟಿನ ಕೊಳವೆಯನ್ನು ಜಿಪ್ಪಿನಂತೆ ಸೀಳುತ್ತದೆ.

ಅಡಾಪ್ಟರ್ ಗುರುವಾರ ಬರುತ್ತದೆ. ಹೆಂಡತಿ ಬಣ್ಣ ಆರಿಸಿದ್ದಾಳೆ: ಕಣ್ಣು ಕುಕ್ಕುವ ಕಿತ್ತಳೆ. ಹೋದ ಸಲ ಬಿಸಿಲಲ್ಲಿ ಹುಡುಕಿದವರಲ್ಲಿ ಅವಳೂ ಒಬ್ಬಳು.