‘ಅಲ್ಲ ಮಾರಾಯ, ನೀನು ಕೆಲಸ ಮಾಡೋದು ಯಾವಾಗ?’

ಮದುವೆ ಮನೆ ಪಂಕ್ತಿಯಲ್ಲಿ ಕೂತರೆ ಸಾಕು, ಅನ್ನ ಸಾರು ಬರುವಷ್ಟರಲ್ಲಿ ಈ ಪ್ರಶ್ನೆ ಬಂದಿರುತ್ತದೆ. ಪಕ್ಕದ ಎಲೆಯವರು ಕೇಳುತ್ತಾರೆ. ಬೆಂಗಳೂರಿನ ಹಳೇ ಗೆಳೆಯರು ಫೋನ್ ಮಾಡಿ ಕೇಳುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವ ಹುಡುಗರು ಸ್ವಲ್ಪ ಮರ್ಯಾದೆಯಿಂದ, ‘ಅಣ್ಣಾ, ಸಾಫ್ಟ್‌ವೇರ್ ಕೆಲಸದ ಜೊತೆ ಟ್ರೆಕ್ಕು, ಡ್ರೋನು ಎಲ್ಲ ಹೇಗೆ ಮ್ಯಾನೇಜ್ ಮಾಡ್ತೀರಿ?’ ಅನ್ನುತ್ತಾರೆ. ನಮ್ಮ ಸೋದರತ್ತೆಗೆ ಅಂಥ ನಾಜೂಕೆಲ್ಲ ಇಲ್ಲ. ‘ನಿಂಗೆ ಕೆಲ್ಸ ಇದ್ಯೋ, ಹೋಯ್ತೋ?’ ಅಂತ ನೇರವಾಗಿ ಕೇಳಿಬಿಡುತ್ತಾರೆ.

ಕೆಲಸ ಇದೆ. ಬೆಂಗಳೂರಿನ ಒಂದು ಕಂಪನಿಗೆ ಶಿವಮೊಗ್ಗದ ಮನೆಯಿಂದಲೇ ಮಾಡುತ್ತೇನೆ. ಸರ್ವರ್‌ಗಳು ಕೆಡದಂತೆ ನೋಡಿಕೊಳ್ಳುವುದು, ಕೆಟ್ಟರೆ ಎಬ್ಬಿಸಿ ನಿಲ್ಲಿಸುವುದು. ಅವು ಹಗಲು ರಾತ್ರಿ ನೋಡಿ ಕೆಡುವುದಿಲ್ಲ.

ಮೊದಲು ಒಂದು ಗುಟ್ಟು ಹೇಳಿಬಿಡುತ್ತೇನೆ. ಫೋಟೋದಲ್ಲಿ ಕಾಣುವಷ್ಟು ನಾನು ಸುತ್ತುವುದೇ ಇಲ್ಲ. ಹೋದ ವರ್ಷ ಬೆಟ್ಟ ಹತ್ತಿದ್ದು 14 ದಿನ. ಅದರಲ್ಲಿ ಡ್ರೋನ್ ಮೇಲೆದ್ದಿದ್ದು 8 ದಿನ. ಆ್ಯಪ್‌ನಲ್ಲಿರುವ ಲೆಕ್ಕ ಕೂಡಿಸಿದರೆ ಇಡೀ ವರ್ಷದ ಹಾರಾಟ 5 ಗಂಟೆಯೂ ಆಗುವುದಿಲ್ಲ. ಒಂದು ಬೆಳಗ್ಗೆ ತೆಗೆದ ಚಿತ್ರಗಳನ್ನೇ ಮೂರು ತಿಂಗಳು ಸ್ಟೇಟಸ್‌ಗೆ ಹಾಕಿಕೊಂಡಿರುತ್ತೇನೆ. ನೋಡುವವರಿಗೆ ನಾನು ವಾರವಾರ ಕೊಡಚಾದ್ರಿ ಮೇಲಿದ್ದೇನೆ ಅನ್ನಿಸುತ್ತದೆ, ಪಾಪ.

ಇನ್ನು ಆ 14 ದಿನ ಎಲ್ಲಿಂದ ಬಂತು ಅನ್ನೋದು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಮನೆ. ಅಜ್ಜನನ್ನು ಯಾರೂ ‘ತೋಟದ ಕೆಲಸಕ್ಕೂ ನೆಂಟರ ಮನೆಗೂ ಹೇಗೆ ಹೊಂದಿಸ್ತೀರಿ’ ಅಂತ ಕೇಳಿದ್ದು ನಾನು ಕಂಡಿಲ್ಲ. ಮಳೆಗಾಲದಲ್ಲಿ ಕೊಳೆ ರೋಗ ಬರುತ್ತದೆ, ಆಗ ಮಳೆ ಬಿಡುವು ಕೊಟ್ಟ ದಿನ ಮದ್ದು ಹೊಡೆಯಬೇಕು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಆ ದಿನ ಮನೆಗೆ ಯಾರೇ ಬಂದರೂ ಅಜ್ಜ ಸಿಗುತ್ತಿರಲಿಲ್ಲ. ಚಳಿಗಾಲದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸೋದು, ಆಮೇಲೆ ಸುಲಿಯೋದು, ಬೇಯಿಸೋದು, ಒಣಗಿಸೋದು. ಅದೆಲ್ಲ ಮುಗಿದ ಮೇಲೆ ಮದುವೆ, ಜಾತ್ರೆ, ಯಕ್ಷಗಾನ, ಎಷ್ಟು ದಿನವಾದರೂ ಸರಿ. ಅವರು ದಿನದ ಲೆಕ್ಕ ಹಾಕುತ್ತಿರಲಿಲ್ಲ, ವರ್ಷದ ಲೆಕ್ಕ ಹಾಕುತ್ತಿದ್ದರು. ನಾನೂ ಅಷ್ಟೇ. ಅಜ್ಜನ ವರ್ಷವನ್ನು ತಲೆಕೆಳಗು ಮಾಡಿಕೊಂಡಿದ್ದೇನೆ, ಅಷ್ಟೇ ವ್ಯತ್ಯಾಸ.

ಈ ಬುದ್ಧಿ ಸುಮ್ನೆ ಬಂದಿದ್ದಲ್ಲ. ಕೆಲವು ವರ್ಷಗಳ ಹಿಂದೆ ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಕೆಟ್ಟಿದ್ದೆ. ನಮ್ಮ ಟೀಮಿನಲ್ಲಿ ಐದು ಜನ. ಐದು ವಾರಕ್ಕೊಮ್ಮೆ ಒಬ್ಬೊಬ್ಬರ ಆನ್‌ಕಾಲ್ ಪಾಳಿ. ಆ ವಾರ ಅಲರ್ಟ್ ಬಂದರೆ ಕೂಡಲೇ ಲ್ಯಾಪ್‌ಟಾಪ್ ಮುಂದೆ ಕೂರಬೇಕು. ನನ್ನ ಪಾಳಿಯ ಶನಿವಾರವೇ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಕೊಡಚಾದ್ರಿ ಹತ್ತಿದೆ. ಕೊಡಚಾದ್ರಿ 1,343 ಮೀಟರ್ ಎತ್ತರ, ಅಷ್ಟು ಮೇಲೆ ಸಿಗ್ನಲ್ ಸಿಗದೆ ಇರುತ್ತಾ ಅನ್ನೋದು ನನ್ನ ಲೆಕ್ಕ. ಮೇಲೆ ಸಿಕ್ಕಿತು ಕೂಡ, ಒಂದು ಕಡ್ಡಿ. ಸರ್ವಜ್ಞ ಪೀಠದ ಹತ್ತಿರ ನಿಂತಿದ್ದಾಗ ಅಲರ್ಟ್ ಬಂತು, ಡಿಸ್ಕ್ ತುಂಬಿದೆ ಅಂತ. ಲ್ಯಾಪ್‌ಟಾಪ್ ತೆಗೆದು ಕೂರುವಷ್ಟರಲ್ಲಿ ಮಂಜು ಬಂತು, ಕಡ್ಡಿ ಹೋಯಿತು. ಮಂಜಿಗೂ ಸಿಗ್ನಲ್‌ಗೂ ಸಂಬಂಧ ಇಲ್ಲ ಅಂತ ಗೊತ್ತು, ಆದರೆ ಆವತ್ತು ಎರಡೂ ಕೈಕೊಟ್ಟಿದ್ದು ಒಟ್ಟಿಗೇ. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಫೋನ್ ಎತ್ತಿ ಹಿಡಿದು ಓಡಾಡಿದೆ. ಕೊನೆಗೆ ಸರಿ ಮಾಡಿದ್ದು ಬೆಂಗಳೂರಿನಲ್ಲಿದ್ದ ಸಹೋದ್ಯೋಗಿ, ಮಗಳ ಹುಟ್ಟುಹಬ್ಬ ಬಿಟ್ಟು ಎದ್ದು ಬಂದು. ಅವರು ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ಕೆಲಸವೂ ಆಗಲಿಲ್ಲ, ಬೆಟ್ಟವನ್ನೂ ನೋಡಲಿಲ್ಲ.

ಸೋಮವಾರ ಟೀಮಿನವರ ಮುಂದೆ ಒಂದು ಮಾತು ಇಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರ, ಭಾನುವಾರದ ಪಾಳಿ ಎಷ್ಟಿದ್ದರೂ ನನಗೇ ಕೊಡಿ. ಗಣಪತಿ ಹಬ್ಬದ್ದೂ ಸೇರಿ. ಬದಲಿಗೆ ಅಕ್ಟೋಬರ್‌ನಿಂದ ಜನವರಿವರೆಗಿನ ಶನಿವಾರ, ಭಾನುವಾರ ನನ್ನನ್ನು ಬಿಟ್ಟುಬಿಡಿ. ಅವರಿಗೆ ಇದು ಲಾಭದ ವ್ಯಾಪಾರ ಅನ್ನಿಸಿತು. ಮಲೆನಾಡಿನ ಮಳೆ ಕಂಡವನಿಗೆ ಇದರಲ್ಲಿ ತ್ಯಾಗ ಏನೂ ಇಲ್ಲ ಅಂತ ಗೊತ್ತು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಡ್ರೋನ್ ಹೊರಗೆ ತೆಗೆಯುವ ಹಾಗಿಲ್ಲ. ಬೆಟ್ಟಕ್ಕೆ ಹೋದರೆ ಕಾಲಿಗೆ ಉಂಬಳ, ಅಂದರೆ ಜಿಗಣೆ. ಹೇಗಿದ್ದರೂ ಮನೆಯಲ್ಲೇ ಕೂತು ಹಲಸಿನ ಹಪ್ಪಳ ತಿನ್ನುವ ಕಾಲ ಅದು. ಕರೆಂಟ್ ಮಾತ್ರ ಕೈಕೊಡುತ್ತದೆ. ಅದಕ್ಕೆ ಇನ್ವರ್ಟರ್ ಇದೆ, ಎರಡು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇದೆ. ಬೆಟ್ಟದ ಶೂಗಿಂತ ಈ ಎರಡಕ್ಕೇ ನಾನು ಹೆಚ್ಚು ದುಡ್ಡು ಹಾಕಿದ್ದು.

ಅಕ್ಟೋಬರ್ ಬಂತೆಂದರೆ ಬೇರೆಯದೇ ಲೋಕ. ಮಳೆ ತೊಳೆದ ಗಾಳಿ, ದೂರದ ಸಾಲು ಬೆಟ್ಟಗಳೂ ಕಾಣುತ್ತವೆ. ನನ್ನ ಹೆಚ್ಚಿನ ತಿರುಗಾಟ ಅರ್ಧ ದಿನದ್ದು. ಬೆಳಗಿನ ಜಾವ 3:45ಕ್ಕೆ ಹೊರಟರೆ ಕುಂದಾದ್ರಿ ಮೇಲೆ ಸೂರ್ಯೋದಯಕ್ಕೆ ಮುಂಚೆಯೇ ಇರಬಹುದು. ಮೇಲಿನವರೆಗೂ ರಸ್ತೆ ಇದೆ. ಬಸದಿಯ ಪಕ್ಕದ ಕೊಳದಲ್ಲಿ ಆಕಾಶ ಕೆಂಪಾಗುವುದನ್ನು ನೋಡಿ, ಕೆಳಗಿಳಿದು ಎಲ್ಲಾದರೂ ಇಡ್ಲಿ ತಿಂದು, 11ರ ಒಳಗೆ ಮನೆ. ಮಧ್ಯಾಹ್ನ ಅಮ್ಮನ ಜೊತೆ ಸಂತೆಗೂ ಹೋಗಬಹುದು. ನಡೆಯಲೇಬೇಕು ಅನ್ನಿಸಿದರೆ ಕವಲೇದುರ್ಗ. ಕೆಳದಿ ನಾಯಕರ ಕೋಟೆ, ಗದ್ದೆ ಬದುವಿನಿಂದ ಶುರುವಾಗಿ ಕಲ್ಲು ಹಾಸಿನ ದಾರಿಯಲ್ಲಿ ಹತ್ತುವುದು. ವಾರದ ದಿನಗಳಲ್ಲಿ ಏನೂ ಇಲ್ಲ, ತುಂಗಾ ಚಾನಲ್ ಏರಿ ಮೇಲೆ ಮುಕ್ಕಾಲು ಗಂಟೆ ನಡಿಗೆ, ಅಷ್ಟೇ.

ಡ್ರೋನ್ ವಿಷಯಕ್ಕೆ ಬರುತ್ತೇನೆ. ನಿಜವಾಗಿ ಸಮಯ ತಿನ್ನುವುದು ಅದೇ. ಹಾರಿಸುವುದಕ್ಕಲ್ಲ, ಎಲ್ಲಿ ಹಾರಿಸಬಹುದು ಅಂತ ಹುಡುಕುವುದಕ್ಕೆ. 250 ಗ್ರಾಂ ಒಳಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ನನ್ನದು 249 ಗ್ರಾಂ. ಇಷ್ಟು ಕೇಳಿದ ಕೂಡಲೇ ಜನ ಎಲ್ಲಿ ಬೇಕಾದರೂ ಹಾರಿಸಬಹುದು ಅಂದುಕೊಳ್ಳುತ್ತಾರೆ. ಹಾಗಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಜಾಗದಲ್ಲಿ, 400 ಅಡಿವರೆಗೆ ಮಾತ್ರ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದಲ್ಲಿದ್ದರೆ 200 ಅಡಿ. ಅದಕ್ಕಿಂತ ಹತ್ತಿರ ಬಂದರೆ ಅನುಮತಿಯಿಲ್ಲದೆ ಎತ್ತುವ ಹಾಗೇ ಇಲ್ಲ. ನಾನು ಕಲಿತದ್ದು ಶಿವಮೊಗ್ಗದ ಹತ್ತಿರದ ಸೋಗಾನೆ ಕಡೆಯ ಒಂದು ಬಯಲಿನಲ್ಲಿ. 2023ರ ಫೆಬ್ರವರಿಯಲ್ಲಿ ಅಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ನನ್ನ ಬಯಲು ಹೋಯಿತು. ಊರಿಗೆ ವಿಮಾನ ಬಂದ ಖುಷಿಯಲ್ಲಿ ನನ್ನ ದುಃಖ ಯಾರಿಗೂ ಕೇಳಲಿಲ್ಲ.

ಕಾಡಿನ ಕಥೆ ಇನ್ನೊಂದು. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು. ಶರಾವತಿ ಕಣಿವೆಯಲ್ಲೂ ಅಭಯಾರಣ್ಯ ಇದೆ. ತೀರ್ಥಹಳ್ಳಿ ರಸ್ತೆ ಹಿಡಿದರೆ ಗಾಜನೂರು ಅಣೆಕಟ್ಟು, ಸಕ್ರೆಬೈಲು ಆನೆ ಬಿಡಾರ, ಮಂಡಗದ್ದೆಯ ಬೆಳ್ಳಕ್ಕಿಗಳು. ಈ ಎಲ್ಲ ಕಡೆ ಡ್ರೋನ್ ಬ್ಯಾಗಿನಲ್ಲೇ ಇರುತ್ತದೆ. ಅರಣ್ಯ ಇಲಾಖೆಯ ಅನುಮತಿ ಒಂದು ಕಡೆ ಇರಲಿ. ಗೂಡಿನಲ್ಲಿ ಮರಿ ಇರುವ ಹಕ್ಕಿಯ ತಲೆ ಮೇಲೆ ಆ ಗುಂಯ್ ಸದ್ದು ಮಾಡುವುದು ನನಗೇ ಸರಿ ಕಾಣುವುದಿಲ್ಲ. ಕುಂದಾದ್ರಿಯಲ್ಲೂ ಎತ್ತುವುದಿಲ್ಲ. ಅಷ್ಟು ಜನ ಸೂರ್ಯ ನೋಡಲು ಬಂದಿರುತ್ತಾರೆ, ನನ್ನ ಯಂತ್ರವನ್ನು ಯಾಕೆ ನೋಡಬೇಕು?

ಹಾಗಾಗಿ ನಾನು ಹಾರಿಸುವುದು ಹೆಚ್ಚಾಗಿ ನೆಂಟರ ಗದ್ದೆ, ತೋಟದ ಮೇಲೆ, ಅವರನ್ನು ಕೇಳಿಕೊಂಡು. ಅಲ್ಲೂ ಒಮ್ಮೆ ಮಾನ ಹೋಗಿದೆ. ಬ್ಯಾಟರಿ ಕಡಿಮೆಯಾದರೆ ಡ್ರೋನ್ ತಾನೇ ವಾಪಸ್ ಬರುತ್ತದೆ. ಮೊದಲೇ ಗೊತ್ತು ಮಾಡಿದ ಎತ್ತರಕ್ಕೆ ಏರಿ, ಅಲ್ಲಿಂದ ಗೆರೆ ಎಳೆದ ಹಾಗೆ ನೇರವಾಗಿ. ನಾನು ಇಟ್ಟಿದ್ದು 20 ಮೀಟರ್. ಆ ಎತ್ತರದ ಲೆಕ್ಕ ಶುರುವಾಗುವುದು ಹಾರಿದ ಜಾಗದಿಂದ. ನಾನು ನಿಂತಿದ್ದು ತಗ್ಗಿನ ಗದ್ದೆಯಲ್ಲಿ, ಮಧ್ಯದ ದಿಬ್ಬದ ಮೇಲೆ ಚಿಕ್ಕಪ್ಪನ ಅಡಿಕೆ ತೋಟ. ಬಯಲುಸೀಮೆಯವರು ಬರೆದ ಸಲಹೆ ಓದಿ ಮಲೆನಾಡಿನಲ್ಲಿ ಹಾರಿಸಿದರೆ ಇನ್ನೇನಾಗುತ್ತೆ? ನೇರವಾಗಿ ಹೋಗಿ ಅಡಿಕೆ ಮರದ ಹೆಡೆಗೆ ಸಿಕ್ಕಿಕೊಂಡಿತು. ಅದೃಷ್ಟಕ್ಕೆ ಆವತ್ತು ಕೊನೆ ಕೊಯ್ಲು ನಡೆಯುತ್ತಿತ್ತು. ಕೊನೆಗಾರರು ದೋಟಿಯಲ್ಲಿ ಮೆಲ್ಲಗೆ ಬಿಡಿಸಿ ಕೆಳಗಿಳಿಸಿದರು. ಕೈಗೆ ಕೊಡುತ್ತಾ, ‘ಇದು ಇನ್ನೂ ಹಣ್ಣಾಗಿರ್ಲಿಲ್ಲ ಮಾರ್ರೆ’ ಅಂದರು. ಚಿಕ್ಕಪ್ಪ ಈಗಲೂ ಊಟದ ಹೊತ್ತಿಗೆ ಅದನ್ನು ನೆನಪಿಸುತ್ತಾರೆ. ಈಗ ಮೊದಲು ಸುತ್ತಲಿನ ಅತಿ ಎತ್ತರದ ಮರ ನೋಡಿ, ಅದಕ್ಕಿಂತ 20 ಮೀಟರ್ ಮೇಲೆ ಇಡುತ್ತೇನೆ.

ಫೆಬ್ರವರಿ ಬಂದ ಮೇಲೆ ನನ್ನ ಓಡಾಟ ತಾನಾಗೇ ಕಡಿಮೆ. ಗಾಳಿಯಲ್ಲಿ ಹೊಗೆ, ಧೂಳು. ಕಾಡಿಗೆ ಬೆಂಕಿ ಬೀಳುವ ಕಾಲ. ಅದಕ್ಕಿಂತ ದೊಡ್ಡ ಕಾರಣ ಮಂಗನ ಕಾಯಿಲೆ. 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಕಾಯಿಲೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಜೋರು. ಬೆಂಗಳೂರಿನಿಂದ ಚಡ್ಡಿ ಹಾಕಿಕೊಂಡು ಬರುವ ಹುಡುಗರಿಗೆ ಇದರ ಸುದ್ದಿಯೇ ಇರುವುದಿಲ್ಲ. ಮಂಗ ಸತ್ತ ಸುದ್ದಿ ಬಂದ ಕಡೆಗೆ ನಾನು ಹೋಗುವುದಿಲ್ಲ. ಬೇರೆ ಕಡೆ ಹೋದರೂ ಉದ್ದ ಪ್ಯಾಂಟು, ಅದನ್ನು ಸಾಕ್ಸಿನೊಳಗೆ ತುರುಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡೇ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನಾನು ಬಚ್ಚಲಿಗೆ.

ಹೀಗೆ ಕಳೆಯುತ್ತಾ ಹೋದರೆ ಉಳಿಯುವುದೇ ಆ ಹದಿನಾಲ್ಕು ದಿನ.

‘ನಿಂದೇನು ಬಿಡು, ಊರಲ್ಲಿದ್ದೀಯ’ ಅಂತ ಗೆಳೆಯರು ಹೇಳುವುದು ಸುಳ್ಳಲ್ಲ. ಬೆಂಗಳೂರಿನಲ್ಲಿದ್ದಾಗ ಆಫೀಸಿಗೆ ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಸುರಿಯುತ್ತಿದ್ದೆ. ಇಲ್ಲಿ ಅದು ಉಳಿದಿದೆ. ಅಪ್ಪ, ಅಮ್ಮ ಗಟ್ಟಿಯಾಗಿದ್ದಾರೆ. ಚಿಕ್ಕ ಮಕ್ಕಳ ಜವಾಬ್ದಾರಿ ಇಲ್ಲ. ಇದ್ದಿದ್ದರೆ ನಾಲ್ಕು ದಿನ ಆಗುತ್ತಿತ್ತೋ ಏನೋ. ಇಲ್ಲಿ ಕೂತಿದ್ದಕ್ಕೆ ಬಡ್ತಿ ಒಂದು ವರ್ಷ ಮುಂದೆ ಹೋಯಿತು, ಅದನ್ನೂ ಹೇಳಬೇಕು. ಹೋದರೆ ಹೋಗಲಿ ಅನ್ನಲು ನನಗೆ ಆರು ತಿಂಗಳು ಹಿಡಿಯಿತು.

ಇದನ್ನು ಬರೆಯುತ್ತಿರುವುದು ಆಗಸ್ಟ್‌ನ ಒಂದು ಶನಿವಾರ ರಾತ್ರಿ. ಪಾಳಿ ನನ್ನದೇ. ಡ್ರೋನ್ ಬ್ಯಾಟರಿಗಳು ಅರ್ಧ ಚಾರ್ಜಿನಲ್ಲಿ ಡಬ್ಬಿಯಲ್ಲಿವೆ, ತುಂಬಾ ಚಾರ್ಜ್ ಮಾಡಿಟ್ಟರೆ ಉಬ್ಬುತ್ತವೆ. ಶೂ ಒಳಗೆ ಹಳೇ ಪೇಪರ್ ತುರುಕಿಟ್ಟಿದ್ದೇನೆ, ಆದರೂ ಬೂಸ್ಟು ಬಂದಿದೆ. ಸಂಜೆಯಿಂದ ಎರಡು ಅಲರ್ಟ್ ಬಂದವು. ಒಂದು ನಿಜವಾದದ್ದು, ಇನ್ನೊಂದು ಸುಳ್ಳು. ಮಧ್ಯೆ ಅತ್ತೆ ಫೋನ್ ಮಾಡಿದ್ದರು. ‘ಏನ್ ಮಾಡ್ತಿದ್ದೀಯ?’ ಅಂದರು. ಕೆಲಸ ಅಂದೆ. ‘ಈ ಮಳೇಲಿ, ಶನಿವಾರ ರಾತ್ರೀನಾ? ಅದೆಂಥ ಕಂಪನಿನೋ ನಿಂದು!’ ಅಂದರು.